ಇರಾಕಿನ ಗೃಹಪ್ರವೇಶಕ್ಕೆ ಬಂದ ಮುಯ್ಯಿ

ನಮ್ಮ ಕಡೆ ಗೃಹಪ್ರವೇಶವಾದರೆ ಬಾಗಿಲ ಬಳಿ ಒಬ್ಬರು ನೋಟ್‌ಬುಕ್ಕು ಹಿಡಿದು ಕೂತಿರುತ್ತಾರೆ. ಬಂದವರು ಕೊಟ್ಟದ್ದನ್ನು ಹೆಸರು, ಊರು ಸಮೇತ ಬರೆದುಕೊಳ್ಳುವುದು ಅವರ ಕೆಲಸ. ನೂರಾ ಒಂದು ರೂಪಾಯಿ, ಸ್ಟೀಲಿನ ಕೊಡ, ಗೋಡೆ ಗಡಿಯಾರ, ಎಲ್ಲಕ್ಕೂ ಒಂದೊಂದು ಸಾಲು. ಮುಯ್ಯಿ ಬರೆಸುವವನ ಕಣ್ಣು ಹೊಸ ಮನೆಯ ಮೇಲಿರುವುದಿಲ್ಲ, ಆ ಪುಸ್ತಕದ ಮೇಲಿರುತ್ತದೆ. ತನ್ನ ಹೆಸರು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದ ಮೇಲೆಯೇ ಅವನು ಊಟದ ಪಂಕ್ತಿ ಹುಡುಕುವುದು.

2003ರ ಅಕ್ಟೋಬರ್ 23 ಮತ್ತು 24ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಇಂಥದೇ ಒಂದು ಪುಸ್ತಕ ತೆರೆದುಕೊಂಡಿತು. ಗೃಹಪ್ರವೇಶ ಇರಾಕಿನದು. ಮನೆ ಇನ್ನೂ ಕಟ್ಟಿರಲಿಲ್ಲ, ಅದು ದೊಡ್ಡ ಮಾತಲ್ಲ. ಊರೆಲ್ಲ ಆಮಂತ್ರಣ ಹಂಚಿದವನು ಏಳು ತಿಂಗಳ ಹಿಂದೆ ಅದೇ ಮನೆಯನ್ನು ಕೆಡವಿದವನು ಎಂಬುದಷ್ಟೇ ಸ್ವಲ್ಪ ಗಮನಿಸಬೇಕಾದ ಸಂಗತಿ. ಅತಿಥಿಗಳು ಸಂಭಾವಿತರು, ಯಾರೂ ಅದನ್ನು ಎತ್ತಿ ಆಡಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ದೇಶಗಳವರು ಕೋಟು, ಟೈ ಕಟ್ಟಿಕೊಂಡು ಸಾಲಾಗಿ ಕೂತರು.

ಖರ್ಚಿನ ಅಂದಾಜು ಮೊದಲೇ ಸಿದ್ಧವಾಗಿತ್ತು. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆ ಸೇರಿ ನಾಲ್ಕು ವರ್ಷಕ್ಕೆ ಸುಮಾರು 3,600 ಕೋಟಿ ಡಾಲರ್ ಬೇಕೆಂದಿದ್ದವು. ಬಾಗ್ದಾದಿನಲ್ಲಿ ಕೂತು ಆಳುತ್ತಿದ್ದ ಅಮೆರಿಕದವರು ತೈಲ, ಭದ್ರತೆ ಇತ್ಯಾದಿಗೆ ಇನ್ನೂ 2,000 ಕೋಟಿಯಷ್ಟು ಸೇರಿಸಿದರು. ಎರಡು ದಿನದ ಕೊನೆಗೆ ಪುಸ್ತಕದಲ್ಲಿ ಕೂಡಿದ ಮೊತ್ತ ಸುಮಾರು 3,300 ಕೋಟಿ ಡಾಲರ್. ಪತ್ರಿಕೆಗಳು ದಾನಶೂರರನ್ನು ಹೊಗಳಿದವು. ಪುಸ್ತಕದ ಸಾಲುಗಳನ್ನು ಒಂದೊಂದಾಗಿ ಓದುವ ತಾಳ್ಮೆ ಇದ್ದವರಿಗೆ ಮಾತ್ರ ಬೇರೆ ಏನೋ ಕಂಡಿತು.

ಜಪಾನ್ 500 ಕೋಟಿ ಓದಿಸಿತು. ಅದರಲ್ಲಿ 350 ಕೋಟಿ ಸಾಲ. ಸೌದಿ ಅರೇಬಿಯಾದ್ದೂ ಸಾಲ ಮತ್ತು ರಫ್ತಿನ ಉದ್ದರಿ. ವಿಶ್ವಬ್ಯಾಂಕ್ ಮತ್ತು ಐಎಂಎಫ್ ಅಂತೂ ಹುಟ್ಟಿದ್ದೇ ಸಾಲ ಕೊಡಲಿಕ್ಕೆ. ಮುಯ್ಯಿ ಕೊಟ್ಟು ಆಮೇಲೆ ಕಂತು ವಸೂಲಿಗೆ ಬರುವ ನೆಂಟರು ನಮ್ಮೂರಲ್ಲಿ ಇದ್ದಿದ್ದರೆ ಅವರ ಹೆಸರಿನ ಮುಂದೆ ಬೇರೆಯದೇ ಏನಾದರೂ ಬರೆಯುತ್ತಿದ್ದೆವು. ಮ್ಯಾಡ್ರಿಡ್‌ನಲ್ಲಿ ‘ದಾನಿ’ ಎಂದು ಬರೆದುಕೊಂಡರು.

ಶ್ರೀಲಂಕಾ ಚಹಾ ಕೊಡುತ್ತೇನೆ ಎಂದಿತು. ವಿಯೆಟ್ನಾಂ ಅಕ್ಕಿ. ಓದಿದವರು ಮುಗುಳ್ನಕ್ಕರು, ಪಾಪ ಬಡವರು, ಇದ್ದದ್ದರಲ್ಲೇ ತಂದಿದ್ದಾರೆ ಎಂದು. ಆ ನಗೆ ಅನ್ಯಾಯದ್ದು. ಸದ್ದಾಂ ಕಾಲದಲ್ಲಿ ‘ಆಹಾರಕ್ಕೆ ತೈಲ’ ಯೋಜನೆಯಲ್ಲಿ ಇರಾಕಿಗೆ ಚಹಾ ಮಾರಿದವರಲ್ಲಿ ಶ್ರೀಲಂಕಾದವರೂ ಅಕ್ಕಿ ಮಾರಿದವರಲ್ಲಿ ವಿಯೆಟ್ನಾಮಿನವರೂ ಇದ್ದರು. ಯಜಮಾನ ಬದಲಾದರೂ ಗಿರಾಕಿ ಕೈಬಿಡಬಾರದು ಎಂಬ ವ್ಯವಹಾರಜ್ಞಾನ ಆ ಚಹಾದ ಪೆಟ್ಟಿಗೆಯಲ್ಲಿತ್ತು.

ವಿಯೆಟ್ನಾಮಿನ ಅಕ್ಕಿಯ ಎದುರು ಮಾತ್ರ ಒಂದು ನಿಮಿಷ ನಿಲ್ಲಬೇಕು. ಯುದ್ಧದ ನಂತರದ ಪುನರ್ನಿರ್ಮಾಣ ಎಂದರೇನು ಎಂದು ಆ ದೇಶಕ್ಕೆ ಗೊತ್ತಿದ್ದಷ್ಟು ಆ ಸಭೆಯಲ್ಲಿ ಇನ್ನು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 1973ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಹನೋಯ್‌ಗೆ ಒಂದು ಕಾಗದ ಬರೆದಿದ್ದರು. ಐದು ವರ್ಷಗಳಲ್ಲಿ 325 ಕೋಟಿ ಡಾಲರ್ ಪುನರ್ನಿರ್ಮಾಣದ ನೆರವು ಎಂದು ಅದರಲ್ಲಿತ್ತು. ಆ ದುಡ್ಡು ಬರಲೇ ಇಲ್ಲ. ಬಂದದ್ದು ಬಿಲ್ಲು. 1997ರಲ್ಲಿ, ಸೋತು ಹೋದ ದಕ್ಷಿಣ ವಿಯೆಟ್ನಾಂ ಸರ್ಕಾರ ಅಮೆರಿಕಕ್ಕೆ ಬಾಕಿ ಉಳಿಸಿದ್ದ ಸುಮಾರು 14.5 ಕೋಟಿ ಡಾಲರನ್ನು ತಾನು ತೀರಿಸುತ್ತೇನೆಂದು ಗೆದ್ದ ವಿಯೆಟ್ನಾಂ ಒಪ್ಪಿಕೊಂಡಿತು. ಅಂಥ ದೇಶ ಆರು ವರ್ಷದ ಮೇಲೆ ಅದೇ ಅಮೆರಿಕ ಕರೆದ ಸಮಾರಂಭಕ್ಕೆ ಅಕ್ಕಿ ಹೊತ್ತು ಬಂದಿತ್ತು. ಇದು ಕ್ಷಮೆಯೋ, ಮರೆವೋ, ರಫ್ತು ನೀತಿಯೋ ನನಗೆ ಹೇಳಲಾಗದು.

ಎಸ್ಟೋನಿಯಾದ ಸಾಲಿನಲ್ಲಿ ಇದ್ದದ್ದು 80 ಸಾವಿರ ಡಾಲರ್. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮ ಭಾರತ 1 ಕೋಟಿ ಡಾಲರ್ ಓದಿಸಿತು. ಒಂದು ಕೋಟಿಯೇ ಏಕೆ, ಒಂದೂವರೆ ಯಾಕಲ್ಲ, ತೊಂಬತ್ತು ಲಕ್ಷ ಯಾಕಲ್ಲ? ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆ ಸೇರಿ ತೆರೆದ ಇರಾಕ್ ನಿಧಿಗೆ ಒಂದು ದಾನಿಗಳ ಸಮಿತಿ ಇತ್ತು. ಅದರಲ್ಲಿ ಖಾಯಂ ಕುರ್ಚಿ ಸಿಗಬೇಕಾದರೆ ಕನಿಷ್ಠ ಕೊಡಬೇಕಾದ ಮೊತ್ತ 1 ಕೋಟಿ ಡಾಲರ್. ಅದಕ್ಕಿಂತ ಕಡಿಮೆ ಕೊಟ್ಟವರೆಲ್ಲ ಸೇರಿ ಸರದಿಯ ಮೇಲೆ ಎರಡು ಕುರ್ಚಿ ಹಂಚಿಕೊಳ್ಳಬೇಕು. ದಿಲ್ಲಿಯ ಅಧಿಕಾರಿಗಳು ಟಿಕೆಟ್ ದರ ಎಷ್ಟೆಂದು ಕೇಳಿಕೊಂಡು ಚಿಲ್ಲರೆ ವಾಪಸು ಬರದ ಹಾಗೆ ಸರಿಯಾಗಿ ಎಣಿಸಿ ಕೊಟ್ಟರು. ಅದೇ ವರ್ಷದ ಜುಲೈನಲ್ಲಿ ಸೈನ್ಯ ಕಳಿಸುವುದಿಲ್ಲ ಎಂದು ಅಮೆರಿಕಕ್ಕೆ ಹೇಳಿಯಾಗಿತ್ತಲ್ಲ, ಏನಾದರೂ ಒಂದು ಬರೆಸದಿದ್ದರೆ ಹೇಗೆ?

ಮುಯ್ಯಿಯ ಹಿಂದೆ ಇನ್ನೊಂದು ಪಟ್ಟಿ ಇತ್ತು. ಅದು ಯುದ್ಧಕ್ಕೆ ‘ಸ್ವಇಚ್ಛೆಯಿಂದ’ ಒಪ್ಪಿದವರ ಪಟ್ಟಿ. 2003ರ ಮಾರ್ಚ್‌ನಲ್ಲಿ ಅಮೆರಿಕ ಇದನ್ನು ಪ್ರಕಟಿಸಿದಾಗ ಮೂವತ್ತು ದೇಶಗಳ ಹೆಸರಿತ್ತು. ಇನ್ನೂ ಹದಿನೈದು ದೇಶಗಳು ನಮ್ಮ ಜೊತೆಗಿವೆ, ಆದರೆ ಹೆಸರು ಹೇಳುವುದು ಬೇಡ ಎಂದಿವೆ ಎಂದು ವಿದೇಶಾಂಗ ಸಚಿವ ಕಾಲಿನ್ ಪವೆಲ್ ತಿಳಿಸಿದರು. ಸ್ವಇಚ್ಛೆ ಇದೆ, ಮುಖ ತೋರಿಸುವ ಇಚ್ಛೆ ಇಲ್ಲ.

ಪಟ್ಟಿ ದಿನದಿಂದ ದಿನಕ್ಕೆ ಬೆಳೆಯಿತು. ಪಲಾವು ಸೇರಿತು (ತಿನ್ನುವುದಲ್ಲ, ದೇಶ, ಪೆಸಿಫಿಕ್ ಸಾಗರದಲ್ಲಿದೆ, ಇಪ್ಪತ್ತು ಸಾವಿರದಷ್ಟು ಜನ, ಸೈನ್ಯವಿಲ್ಲ, ರಕ್ಷಣೆಯ ಹೊಣೆ ಅಮೆರಿಕದ್ದೇ). ಅದರ ನೆರೆಯ ಮಾರ್ಷಲ್ ದ್ವೀಪಗಳು, ಮೈಕ್ರೊನೇಷಿಯಾ ಕೂಡ ಸೇರಿದವು. ಇವರಿಗೂ ಸೈನ್ಯವಿಲ್ಲ. ಸಾಲೊಮನ್ ದ್ವೀಪಗಳ ಸರ್ಕಾರಕ್ಕೆ ತಾನು ಪಟ್ಟಿಯಲ್ಲಿರುವ ವಿಷಯ ಸುದ್ದಿಗಾರರಿಂದ ತಿಳಿಯಿತು, ನಮಗಿದು ಗೊತ್ತೇ ಇಲ್ಲ ಎಂದಿತು. ಸ್ಲೊವೇನಿಯಾಕ್ಕೆ ಇನ್ನೂ ಒಳ್ಳೆಯ ಅನುಭವ. ಯುದ್ಧದ ಬಜೆಟ್ಟಿನಲ್ಲಿ ನಿಮಗೂ ಒಂದಿಷ್ಟು ದುಡ್ಡಿದೆ ಎಂದು ಗೊತ್ತಾಗಿ, ಯಾಕೆ ಎಂದು ಅದು ಕೇಳಿದರೆ, ತಪ್ಪಿ ನಿಮ್ಮ ಹೆಸರು ಬಿದ್ದಿದೆ ಎಂಬ ಉತ್ತರ ವಾಷಿಂಗ್ಟನ್ನಿನಿಂದ ಬಂತು. 1948ರ ಅಂತರ್ಯುದ್ಧದ ನಂತರ ಸೈನ್ಯವನ್ನೇ ತೆಗೆದುಹಾಕಿದ ಕೋಸ್ಟರೀಕಾದ ಹೆಸರೂ ಅಲ್ಲಿತ್ತು. ಅಲ್ಲಿನ ನಾಗರಿಕರು ಕೋರ್ಟಿಗೆ ಹೋದರು. 2004ರ ಸೆಪ್ಟೆಂಬರಿನಲ್ಲಿ ಸಂವಿಧಾನ ಪೀಠ, ಇದು ನಮ್ಮ ತಟಸ್ಥ ನೀತಿಗೆ ವಿರುದ್ಧ, ಹೆಸರು ತೆಗೆಸಿ ಎಂದು ಸರ್ಕಾರಕ್ಕೆ ಆದೇಶಿಸಿತು. ಮುಯ್ಯಿ ಪುಸ್ತಕದಿಂದ ಹೆಸರು ಹೊಡೆಸಲು ತೀರ್ಪು ತರಬೇಕಾದದ್ದು ಬಹುಶಃ ಇದೇ ಮೊದಲು.

ಮಂಗೋಲಿಯಾದ ವಿಷಯ ಬೇರೆ. ಅದು ನಿಜವಾಗಿಯೂ ಸೈನಿಕರನ್ನು ಕಳಿಸಿತು, ನೂರಾ ಎಪ್ಪತ್ತರ ಆಸುಪಾಸು. ಮಂಗೋಲರು ಹಿಂದೆ ಸೈನ್ಯ ಸಮೇತ ಬಾಗ್ದಾದಿಗೆ ಬಂದು ಹೆಸರು ಮಾಡಿದ್ದು 1258ರಲ್ಲಿ, ಹುಲಗು ಖಾನನ ಜೊತೆ. ಗ್ರಂಥಾಲಯಗಳ ಪುಸ್ತಕಗಳನ್ನು ಎಸೆದು ಟೈಗ್ರಿಸ್ ನದಿ ಶಾಯಿಯಿಂದ ಕಪ್ಪಾಯಿತೆಂಬ ಕತೆ ಆಗಿನದು. 745 ವರ್ಷಗಳ ಮೇಲೆ ಅವರು ಪುನರ್ನಿರ್ಮಾಣಕ್ಕೆಂದು ಹಿಂದಿರುಗಿದ್ದಾರೆ ಎಂದು ಜಗತ್ತೆಲ್ಲ ತಮಾಷೆ ಮಾಡಿತು. ಆದರೆ ನ್ಯಾಯ ಹೇಳಬೇಕಾದರೆ, 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ರಾಷ್ಟ್ರೀಯ ಗ್ರಂಥಾಲಯ ಹೊತ್ತಿ ಉರಿದಾಗ, ವಸ್ತುಸಂಗ್ರಹಾಲಯ ಸೂರೆಯಾದಾಗ, ಮಂಗೋಲರು ಊರಿನಲ್ಲೇ ಇರಲಿಲ್ಲ. ಊರಿನಲ್ಲಿ ಇದ್ದವರು ಬೇರೆ. ಅವರು ತೈಲ ಸಚಿವಾಲಯವನ್ನು ಚೆನ್ನಾಗಿ ಕಾದರು.

ಪಟ್ಟಿಯಲ್ಲಿದ್ದವರಿಗೆ ಪ್ರತಿಫಲ ಸಿಗಲಿಲ್ಲ ಎನ್ನುವ ಹಾಗಿಲ್ಲ. 2003ರ ಡಿಸೆಂಬರಿನಲ್ಲಿ ಅಮೆರಿಕದ ರಕ್ಷಣಾ ಉಪಸಚಿವ ಪಾಲ್ ವುಲ್ಫೋವಿಟ್ಜ್ ಸಹಿ ಮಾಡಿದ ಒಂದು ಆದೇಶ ಹೊರಬಿತ್ತು. ಅಮೆರಿಕದ 1,860 ಕೋಟಿ ಡಾಲರ್ ಮೊತ್ತದ ಇರಾಕ್ ಪುನರ್ನಿರ್ಮಾಣದ ಮುಖ್ಯ ಗುತ್ತಿಗೆಗಳಿಗೆ 63 ದೇಶಗಳ ಕಂಪನಿಗಳು ಮಾತ್ರ ಟೆಂಡರ್ ಹಾಕಬಹುದು ಎಂದು ಅದರಲ್ಲಿತ್ತು. ಫ್ರಾನ್ಸ್, ಜರ್ಮನಿ, ರಷ್ಯಾ, ಕೆನಡಾ ಹೊರಗೆ. ಭಾರತವೂ ಹೊರಗೆ, ಒಂದು ಕೋಟಿಯ ಕುರ್ಚಿ ಬೇರೆ ಕೋಣೆಯದು. ಒಳಗೆ ಯಾರು? ಪಲಾವು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷಿಯಾ, ಟೋಂಗಾ, ರುವಾಂಡಾ, ಎರಿಟ್ರಿಯಾ. ತನಗೆ ಗೊತ್ತೇ ಇಲ್ಲ ಎಂದಿದ್ದ ಸಾಲೊಮನ್ ದ್ವೀಪಗಳೂ ಇದ್ದವು, ತಪ್ಪಿ ಹೆಸರು ಬಿದ್ದಿದ್ದ ಸ್ಲೊವೇನಿಯಾವೂ ಇತ್ತು. ಇರಾಕಿನ ಹೆಸರೂ ಇತ್ತು. ಇರಾಕಿನಲ್ಲಿ ಕೆಲಸ ಮಾಡಲು ಇರಾಕಿನವರಿಗೂ ಅರ್ಹತೆ ಇದೆ ಎಂದು ಉದಾರವಾಗಿ ಒಪ್ಪಿಕೊಳ್ಳಲಾಗಿತ್ತು. ಬಾಸ್ರಾದ ವಿದ್ಯುತ್ ಸ್ಥಾವರ ಕಟ್ಟಲು ಸೀಮೆನ್ಸ್ ಬೇಡ, ಪಲಾವಿನ ಡೈವಿಂಗ್ ಶಾಲೆಯವರು ಟೆಂಡರ್ ಹಾಕಲಿ.

ಆದೇಶ ಹೊರಬಿದ್ದ ಹೊತ್ತಿನಲ್ಲೇ ಅಧ್ಯಕ್ಷ ಬುಷ್ ಫ್ರಾನ್ಸ್, ಜರ್ಮನಿ ಮತ್ತು ರಷ್ಯಾದ ನಾಯಕರಿಗೆ ಫೋನು ಮಾಡಿದರು. ಗುತ್ತಿಗೆಯ ವಿಷಯಕ್ಕಲ್ಲ. ಇರಾಕ್ ನಿಮಗೆ ಕೊಡಬೇಕಾದ ಹಳೆಯ ಸಾಲವನ್ನು ದಯವಿಟ್ಟು ಮನ್ನಾ ಮಾಡಿ ಎಂದು ಕೇಳಲು.

ಇನ್ನು ಐಸ್‌ಲ್ಯಾಂಡ್. ಈ ಬರಹಕ್ಕೆ ಕೂತದ್ದೇ ಅದರ ಸಲುವಾಗಿ, ಏಕೆಂದರೆ ಸಣ್ಣ ದೇಶವೊಂದು ದೊಡ್ಡವರ ಪುಸ್ತಕದಲ್ಲಿ ಹೆಸರು ಬರೆಸಲು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಇನ್ನೊಂದಿಲ್ಲ. ಆಗ ಮೂರು ಲಕ್ಷವೂ ತುಂಬದ ಜನಸಂಖ್ಯೆ. ಸೈನ್ಯವಿಲ್ಲ. ಆದರೂ ನೇಟೊ ಹುಟ್ಟಿದಾಗಿನಿಂದ ಅದರ ಸದಸ್ಯ. ಮ್ಯಾಡ್ರಿಡ್ ಪುಸ್ತಕದಲ್ಲಿ ಅದರ ಸಾಲು 25 ಲಕ್ಷ ಡಾಲರ್. ತಲೆಗಿಷ್ಟು ಎಂದು ಭಾಗಿಸಿದರೆ ಅದು ಎಸ್ಟೋನಿಯಾವನ್ನು ನಾಚಿಸುವಂಥದ್ದು.

ಯುದ್ಧಾನಂತರದ ನೆರವು ಎಂಬುದು ಐಸ್‌ಲ್ಯಾಂಡಿಗೆ ಹೊಸದಲ್ಲ, ಪಡೆದು ಅಭ್ಯಾಸವಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪನ್ನು ಕಟ್ಟಲು ಅಮೆರಿಕ ಮಾರ್ಷಲ್ ಯೋಜನೆ ತಂದಿತಲ್ಲ, ಅದರಲ್ಲಿ ತಲಾವಾರು ಅತಿ ಹೆಚ್ಚು ದುಡ್ಡು ಪಡೆದದ್ದು ಬಾಂಬು ಬಿದ್ದು ಬೂದಿಯಾದ ಜರ್ಮನಿಯಲ್ಲ, ಹಸಿವಿನಿಂದ ಬಳಲಿದ ಗ್ರೀಸ್ ಅಲ್ಲ, ಹಾಲೆಂಡೂ ಅಲ್ಲ. ಐಸ್‌ಲ್ಯಾಂಡ್. ಯುದ್ಧದಲ್ಲಿ ಅದರ ನಾವಿಕರು ಸಮುದ್ರದಲ್ಲಿ ಸತ್ತರು, ಅದು ನಿಜವಾದ ನಷ್ಟ. ಆದರೆ ಊರುಗಳಿಗೆ ಏನೂ ಆಗಿರಲಿಲ್ಲ. ಬೀಡುಬಿಟ್ಟಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರ ಖರ್ಚಿನಿಂದ, ಮೀನಿಗೆ ಸಿಕ್ಕ ಬೆಲೆಯಿಂದ ದೇಶ ಹಿಂದೆಂದೂ ಕಾಣದ ಹಣ ಕಂಡಿತ್ತು. ಬೀಳದ ಮನೆಯ ಪುನರ್ನಿರ್ಮಾಣಕ್ಕೆ ಬಂದ ದುಡ್ಡಿನಲ್ಲಿ ಸೋಗ್ ಮತ್ತು ಲಾಕ್ಸಾ ನದಿಗಳ ವಿದ್ಯುತ್ ಸ್ಥಾವರಗಳು ಎದ್ದವು, ರೇಕ್ಯಾವಿಕ್ ಪಕ್ಕ ಗೊಬ್ಬರದ ಕಾರ್ಖಾನೆ ಬಂತು. ಅಮೆರಿಕಕ್ಕೆ ಬೇಕಾಗಿದ್ದದ್ದು ಅಟ್ಲಾಂಟಿಕ್ ನಡುವೆ ಒಂದು ವಿಮಾನ ನಿಲ್ದಾಣ. 1951ರ ಒಪ್ಪಂದದಂತೆ ಕೆಫ್ಲಾವಿಕ್‌ನಲ್ಲಿ ಅದು ಸಿಕ್ಕಿತು.

ಅರ್ಧ ಶತಮಾನದ ಮೇಲೆ ಆ ನೆಲೆ ಅಮೆರಿಕಕ್ಕೆ ಬೇಡವಾಗತೊಡಗಿತು. ಸೋವಿಯತ್ ಒಕ್ಕೂಟ ಸತ್ತು ಹತ್ತು ವರ್ಷ ಕಳೆದಿತ್ತು, ಅಲ್ಲಿ ಉಳಿದಿದ್ದ ನಾಲ್ಕು ಎಫ್-15 ಯುದ್ಧ ವಿಮಾನಗಳನ್ನು ವಾಪಸು ಒಯ್ಯುವ ಮಾತು ಎದ್ದಿತ್ತು. ಅವು ಹೋದರೆ ದೇಶದ ಇಡೀ ವಾಯುಪಡೆ ಹೋದಂತೆ, ಜೊತೆಗೆ ನೂರಾರು ಜನರ ನೌಕರಿ. ಅಂಥ ಹೊತ್ತಿನಲ್ಲಿ ಬುಷ್‌ಗೆ ಪಟ್ಟಿ ಬೇಕಿತ್ತು. ಪ್ರಧಾನಿ ಡಾವಿಡ್ ಓಡ್ಸನ್ ಮತ್ತು ವಿದೇಶಾಂಗ ಸಚಿವ ಹಾಲ್‌ಡೋರ್ ಆಸ್‌ಗ್ರಿಮ್ಸನ್ ಇಬ್ಬರೇ ಕೂತು ಹೆಸರು ಬರೆಸಿದರು. ಕ್ರಿ.ಶ. 930ರಲ್ಲಿ ಹುಟ್ಟಿದ, ಜಗತ್ತಿನ ಅತಿ ಹಳೆಯ ಸಂಸತ್ತುಗಳಲ್ಲಿ ಒಂದು ಎಂದು ಪ್ರವಾಸಿಗರಿಗೆ ತೋರಿಸುವ ಆಲ್‌ಥಿಂಗ್‌ನ ವಿದೇಶಾಂಗ ಸಮಿತಿಯನ್ನು ಕೇಳಲೂ ಇಲ್ಲ. ಇರಾಕಿಗೆ ಪ್ರಜಾಪ್ರಭುತ್ವ ಕೊಡುವ ಅವಸರ ಅಷ್ಟಿತ್ತು.

ಹೆಸರು ಬಿದ್ದ ಮೇಲೆ ಏನಾದರೂ ಕಳಿಸಬೇಕಲ್ಲ? ಬಾಂಬು ನಿಷ್ಕ್ರಿಯಗೊಳಿಸುವ ತಜ್ಞರು ದಕ್ಷಿಣ ಇರಾಕಿಗೆ ಹೋದರು, ಡೆನ್ಮಾರ್ಕಿನ ತುಕಡಿಯ ಜೊತೆ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ 2004ರ ಜನವರಿಯಲ್ಲಿ ಬಾಸ್ರಾದ ಉತ್ತರಕ್ಕೆ ಮಣ್ಣಿನಡಿ 36 ಮಾರ್ಟರ್ ಶೆಲ್ಲುಗಳು ಸಿಕ್ಕವು, ಮೊದಲ ಪರೀಕ್ಷೆಯಲ್ಲಿ ಚರ್ಮ ಸುಡುವ ರಾಸಾಯನಿಕದ ಸುಳಿವು ಕಂಡಿತು. ಅಮೆರಿಕದ ಒಂದೂವರೆ ಲಕ್ಷ ಸೈನಿಕರು ಹತ್ತು ತಿಂಗಳಿಂದ ಹುಡುಕಿ ಕಾಣದ ಮಹಾವಿನಾಶದ ಅಸ್ತ್ರವನ್ನು ಸೈನ್ಯವೇ ಇಲ್ಲದ ದೇಶ ಪತ್ತೆ ಮಾಡಿತು! ಈ ಸಂಭ್ರಮ ಒಂದು ವಾರ ಬಾಳಿತು. ಮತ್ತೆ ಪರೀಕ್ಷಿಸಿದಾಗ ಶೆಲ್ಲುಗಳಲ್ಲಿ ರಾಸಾಯನಿಕ ಅಸ್ತ್ರ ಏನೂ ಇರಲಿಲ್ಲ.

ಆ ದೇಶ ಯುದ್ಧಾನಂತರ ಕೊಟ್ಟ ನೆರವಿನಲ್ಲಿ ನಾನು ಮೆಚ್ಚುವುದು ಒಂದಿದೆ. ಐಸ್‌ಲ್ಯಾಂಡಿನ ಒಂದು ಕಂಪನಿ ಕೃತಕ ಕಾಲು ಮಾಡುವುದರಲ್ಲಿ ಜಗತ್ತಿಗೇ ಹೆಸರಾದದ್ದು. ಬೋಸ್ನಿಯಾ ಯುದ್ಧದ ನಂತರ ಸರ್ಕಾರ ಅಲ್ಲಿ ಕಾಲು ಕಳೆದುಕೊಂಡವರಿಗೆ ಈ ಕಾಲುಗಳನ್ನು ಕೊಡಿಸಿತು. ದುಡ್ಡು ರೇಕ್ಯಾವಿಕ್‌ನಿಂದ ಹೊರಟು ಸುತ್ತು ಹಾಕಿ ರೇಕ್ಯಾವಿಕ್‌ಗೇ ಬಂತು ಎಂದು ಮೂದಲಿಸಬಹುದು. ದುಡ್ಡು ತನ್ನ ಮನೆಗೆ ಹಿಂದಿರುಗದ ವಿದೇಶಿ ನೆರವನ್ನು ಯಾರಾದರೂ ತೋರಿಸಿದರೆ ಆಗ ಮೂದಲಿಸೋಣ. ಇಲ್ಲಿ ಕೊನೆಗೆ ಒಬ್ಬನಿಗೆ ಕಾಲು ಬಂತು, ಅವನು ನಡೆದ.

ಕಾಲು ಕೊಡುವುದರಲ್ಲಿ ಗತ್ತಿಲ್ಲ. ಗತ್ತು ಬೇಕಾದರೆ ಸಮವಸ್ತ್ರ ಬೇಕು. 2001ರಲ್ಲಿ ವಿದೇಶಾಂಗ ಸಚಿವಾಲಯ ಒಂದು ಶಾಂತಿಪಾಲನಾ ಘಟಕ ಕಟ್ಟಿತು. ಸೈನ್ಯವಿಲ್ಲದ ಮೇಲೆ ಸೈನಿಕರೆಲ್ಲಿ? ವಿಮಾನ ನಿಯಂತ್ರಕರು, ಅಗ್ನಿಶಾಮಕ ದಳದವರು, ಪೊಲೀಸರು ಇದ್ದರು. ಅವರಿಗೆ ಸಮವಸ್ತ್ರ ತೊಡಿಸಿ, ಬಂದೂಕು ಕೊಟ್ಟು, ಒಂದಷ್ಟು ತರಬೇತಿ ಕೊಟ್ಟು, ಮೇಜರ್, ಕರ್ನಲ್ ಎಂದು ಪದವಿಯನ್ನೂ ಹಚ್ಚಿದರು. ಕೊಸೊವೊದ ಪ್ರಿಷ್ಟಿನಾ ವಿಮಾನ ನಿಲ್ದಾಣ ನಡೆಸಿದ್ದಾಯಿತು. 2004ರ ಜೂನ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಹೊಣೆ ಬಂತು. ವಿಮಾನ ಇಳಿಸುವುದರಲ್ಲಿ ಇವರು ನಿಪುಣರೇ, ಅಲ್ಲಿ ತಕರಾರಿಲ್ಲ. ತಕರಾರಿರುವುದು ಕರ್ನಲ್‌ಗಿರಿಯ ಬಗ್ಗೆ.

2004ರ ಅಕ್ಟೋಬರ್ 23ರಂದು, ಮ್ಯಾಡ್ರಿಡ್ ಪುಸ್ತಕ ತೆರೆದು ಸರಿಯಾಗಿ ಒಂದು ವರ್ಷಕ್ಕೆ, ಐಸ್‌ಲ್ಯಾಂಡಿನ ಒಬ್ಬ ಕರ್ನಲ್ ತನ್ನ ಜನರನ್ನು ಕಾವಲಿಗೆ ಕರೆದುಕೊಂಡು ಕಾಬೂಲಿನ ಚಿಕನ್ ಸ್ಟ್ರೀಟಿಗೆ ಹೋದರು. ಅದು ವಿದೇಶಿಯರು ಜಮಖಾನ, ಹರಳು, ಹಳೆಯ ಸಾಮಾನು ಕೊಳ್ಳುವ ಬೀದಿ. ಭದ್ರತೆ ಸರಿಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕರ್ನಲ್ ಅಂಗಡಿಯೊಳಗೆ ಜಮಖಾನ ನೋಡುತ್ತಿದ್ದರು, ಬಂದೂಕು ಹಿಡಿದವರು ಹೊರಗೆ ಕಾಯುತ್ತಿದ್ದರು. ಒಬ್ಬ ಬಂದು ಗ್ರೆನೇಡುಗಳನ್ನು ಸಿಡಿಸಿಕೊಂಡ. ಮೂವರು ಐಸ್‌ಲ್ಯಾಂಡಿನವರಿಗೆ ಗಾಯವಾಯಿತು. ಬೀದಿಯಲ್ಲಿದ್ದ ಒಬ್ಬ ಅಫ್ಘನ್ ಹುಡುಗಿ ಮತ್ತು ಒಬ್ಬ ಅಮೆರಿಕನ್ ಯುವತಿ ಸತ್ತರು.

ಗಾಯಾಳುಗಳು ಊರಿಗೆ ಹಿಂದಿರುಗಿದಾಗ ಕ್ಯಾಮೆರಾಗಳ ಮುಂದೆ ವಿಶೇಷವಾಗಿ ಅಚ್ಚು ಹಾಕಿಸಿದ ಟೀ ಶರ್ಟ್ ತೊಟ್ಟಿದ್ದರು. ಬೀದಿಯ ಹೆಸರು, ತಾರೀಖು, ಅದರ ಕೆಳಗೆ ಇಂಥ ಹೊಲಸೆಲ್ಲ ಆಗುತ್ತಲೇ ಇರುತ್ತದೆ ಎಂಬರ್ಥದ ಎರಡು ಇಂಗ್ಲಿಷ್ ಪದ. ಸತ್ತ ಹುಡುಗಿ ಅದೇ ಬೀದಿಯಲ್ಲಿ ವಿದೇಶಿಯರಿಗೆ ಚಿಲ್ಲರೆ ಸಾಮಾನು ಮಾರಿ ಬದುಕುತ್ತಿದ್ದವಳು. ಸರ್ಕಾರ ಮುಜುಗರಪಟ್ಟಿತು. ಜನ ಬೈದರು. ಈ ಒಂದು ಟೀ ಶರ್ಟಿನ ಬಗ್ಗೆ ವ್ಯಂಗ್ಯ ಬರೆಯಲು ನನ್ನ ಹತ್ತಿರ ಏನೂ ಇಲ್ಲ, ಅವರೇ ಬರೆದು ಮುಗಿಸಿದ್ದರು.

ಹೀಗಿದ್ದರೂ ಐಸ್‌ಲ್ಯಾಂಡಿನ ಜನರ ಮಾನ ಕಾದವರು ಅವರೇ. ಸಮೀಕ್ಷೆ ಕೇಳಿದರೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಆ ಪಟ್ಟಿಯಲ್ಲಿ ನಾವಿರುವುದು ಬೇಡ ಎನ್ನುತ್ತಿದ್ದರು. 2005ರ ಜನವರಿಯಲ್ಲಿ ಸಾಮಾನ್ಯ ಜನ ಚಂದಾ ಎತ್ತಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟರು. ನಮ್ಮಿಬ್ಬರು ನಾಯಕರು ಮಾಡಿದ್ದಕ್ಕೆ ನಾವು ಒಪ್ಪಿಲ್ಲ, ಇರಾಕಿನ ಜನರೇ ಕ್ಷಮಿಸಿ ಎಂಬುದು ಅದರ ಸಾರ. ಸರ್ಕಾರ ದುಡ್ಡು ಕೊಟ್ಟು ಹೆಸರು ಬರೆಸಿತು, ಜನ ದುಡ್ಡು ಕೊಟ್ಟು ಹೆಸರು ಅಳಿಸಿದರು.

2007ರಲ್ಲಿ ಹೊಸ ಸರ್ಕಾರ ಬಂತು. ಇರಾಕಿನಿಂದ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ವಿದೇಶಾಂಗ ಸಚಿವೆ ಘೋಷಿಸಿದರು. ಪಡೆ ಎಂದರೆ ಒಬ್ಬರು. ಬಾಗ್ದಾದಿನಲ್ಲಿ ನೇಟೊ ತರಬೇತಿ ಕೇಂದ್ರದ ಮಾಧ್ಯಮ ಕೆಲಸ ನೋಡಿಕೊಳ್ಳುತ್ತಿದ್ದರು. ಅವರು ವಿಮಾನ ಹತ್ತಿದೊಡನೆ ಸೈನ್ಯ ಹಿಂತೆಗೆತ ಶಾಂತಿಯುತವಾಗಿ, ವೇಳಾಪಟ್ಟಿಯಂತೆ, ನೂರಕ್ಕೆ ನೂರು ಸಂಪೂರ್ಣವಾಯಿತು. ಅಮೆರಿಕಕ್ಕೆ ಇದು ಸಾಧ್ಯವಾಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಅಷ್ಟರಲ್ಲಿ ಇರಾಕಿನ ಮನೆ ಏನಾಯಿತು? ಮ್ಯಾಡ್ರಿಡ್ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಚೀಲ ಇತ್ತು. ಅದರಲ್ಲಿದ್ದದ್ದು ಇರಾಕಿನದೇ ದುಡ್ಡು, ತೈಲ ಮಾರಿ ಬಂದದ್ದು, ಹಳೆಯ ಖಾತೆಗಳಿಂದ ತೆಗೆದದ್ದು. ಖರ್ಚು ಮಾಡುವ ಅಧಿಕಾರ ಅಮೆರಿಕದವರದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನ್ಯೂಯಾರ್ಕಿನಿಂದ ಸುಮಾರು 1,200 ಕೋಟಿ ಡಾಲರನ್ನು ನೋಟಿನ ಕಂತೆಗಳಾಗಿಯೇ ವಿಮಾನಕ್ಕೆ ತುಂಬಿ ಬಾಗ್ದಾದಿಗೆ ಒಯ್ದರು, ತೂಕ 363 ಟನ್. ಈ ನಿಧಿಯಿಂದ ಹೊರಹೋದದ್ದರಲ್ಲಿ 880 ಕೋಟಿ ಡಾಲರಿಗೆ ಸರಿಯಾದ ಲೆಕ್ಕವಿಲ್ಲ ಎಂದು ಅಮೆರಿಕದ್ದೇ ವಿಶೇಷ ಲೆಕ್ಕ ತನಿಖಾಧಿಕಾರಿ 2005ರ ಜನವರಿಯಲ್ಲಿ ವರದಿ ಕೊಟ್ಟರು. ಎಸ್ಟೋನಿಯಾದ 80 ಸಾವಿರ ನೆನಪಿದೆಯಲ್ಲ? ಲೆಕ್ಕ ಸಿಗದ ಮೊತ್ತವನ್ನು ತುಂಬಿಕೊಡಬೇಕಾದರೆ ಎಸ್ಟೋನಿಯಾ ಅಂಥ ಮ್ಯಾಡ್ರಿಡ್ ಸಭೆಗೆ 1 ಲಕ್ಷದ 10 ಸಾವಿರ ಸಲ ಹೋಗಿ ಬರಬೇಕು.

ಕಟ್ಟಡಗಳೂ ಎದ್ದವು, ಇಲ್ಲವೆನ್ನಬಾರದು. ದಿಯಾಲಾ ಪ್ರಾಂತ್ಯದ ಖಾನ್ ಬನಿ ಸಾದ್‌ನಲ್ಲಿ ಅಮೆರಿಕ ಸುಮಾರು 4 ಕೋಟಿ ಡಾಲರ್ ಸುರಿದು ಒಂದು ಜೈಲು ಕಟ್ಟಿಸಲು ಹೊರಟಿತು. ಅರ್ಧಕ್ಕೇ ನಿಂತಿತು. ಒಬ್ಬ ಕೈದಿಯೂ ಒಳಗೆ ಹೋಗಲಿಲ್ಲ. ಇಡೀ ಪುನರ್ನಿರ್ಮಾಣದಲ್ಲಿ ಯಾರಿಗೂ ತೊಂದರೆ ಕೊಡದ ಕಟ್ಟಡ ಎಂದು ಅದಕ್ಕೊಂದು ಫಲಕ ಹಾಕಿಸಬಹುದಿತ್ತು. ಕೊನೆಯಲ್ಲಿ ಲೆಕ್ಕ ಹಾಕಿ ನೋಡಿದರೆ ಇರಾಕಿನ ಪುನರ್ನಿರ್ಮಾಣಕ್ಕೆ ಅತಿ ಹೆಚ್ಚು ಕೊಟ್ಟ ದೇಶ ಇರಾಕ್. ಅಮೆರಿಕ ಸುಮಾರು 6,000 ಕೋಟಿ ಡಾಲರ್ ಖರ್ಚು ಮಾಡಿದರೆ ಇರಾಕಿನದು ಅದರ ಎರಡು ಪಟ್ಟಿಗೂ ಮೀರಿದ್ದು. ಮ್ಯಾಡ್ರಿಡ್‌ನ ದಾನಿಗಳ ಸಾಲಿನಲ್ಲಿ ಆ ಹೆಸರು ಇರಲಿಲ್ಲ. ಐಸಿಸ್ ಯುದ್ಧದ ಮೇಲೆ 2018ರಲ್ಲಿ ಕುವೈತಿನಲ್ಲಿ ಮತ್ತೆ ಇಂಥದೇ ಸಭೆ ಕೂಡಿತು. ಬೇಕಾದದ್ದು 8,800 ಕೋಟಿ, ಬರೆಸಿದ್ದು 3,000 ಕೋಟಿ, ಅದರಲ್ಲಿ ಹೆಚ್ಚಿನದು ಸಾಲ ಮತ್ತು ಸಾಲದ ಖಾತರಿ.

ಐಸ್‌ಲ್ಯಾಂಡಿನ ಮುಯ್ಯಿ ತಿರುಗಿ ಬಂತೇ? 2006ರ ಮಾರ್ಚ್‌ನಲ್ಲಿ ಅಮೆರಿಕ ಕೆಫ್ಲಾವಿಕ್ ನೆಲೆಯನ್ನು ಮುಚ್ಚುವುದಾಗಿ ಹೇಳಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ವಿಮಾನ, ಸೈನಿಕರು, ನೌಕರಿ ಎಲ್ಲ ಹೋಯಿತು. ಯಾವ ನಾಲ್ಕು ವಿಮಾನಗಳಿಗಾಗಿ ಒಂದು ಯುದ್ಧಕ್ಕೆ ಹೂಂ ಅಂದಿದ್ದರೋ ಆ ನಾಲ್ಕೂ ಹಾರಿಹೋದವು.

ಎರಡು ವರ್ಷಕ್ಕೆ ಐಸ್‌ಲ್ಯಾಂಡಿನ ಬ್ಯಾಂಕುಗಳು ಒಂದು ವಾರದಲ್ಲಿ ಒಂದರ ಮೇಲೊಂದು ಕುಸಿದವು. ಆ ಹೊತ್ತಿಗೆ ಡಾವಿಡ್ ಓಡ್ಸನ್ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದರು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಡೆನ್ಮಾರ್ಕ್, ನಾರ್ವೆ ಮತ್ತು ಸ್ವೀಡನ್‌ಗೆ ಡಾಲರ್ ಒದಗಿಸುವ ವ್ಯವಸ್ಥೆ ಮಾಡಿತು, ಐಸ್‌ಲ್ಯಾಂಡಿಗೆ ಆಗುವುದಿಲ್ಲ ಎಂದಿತು. ಸ್ವೀಡನ್ ಇರಾಕ್ ಯುದ್ಧದ ಪಟ್ಟಿಯಲ್ಲಿ ಹೆಸರೇ ಬರೆಸಿರಲಿಲ್ಲ. ಅಕ್ಟೋಬರಿನಲ್ಲಿ ಓಡ್ಸನ್ ಸಾಲಕ್ಕಾಗಿ ರಷ್ಯಾದ ಕಡೆ ತಿರುಗಿದರು.

ಅಕ್ಟೋಬರ್ 8ರಂದು ಬ್ರಿಟನ್, ಅಂದರೆ ಇರಾಕಿನಲ್ಲಿ ಹೆಗಲೆಣೆಯಾಗಿದ್ದ ಮಿತ್ರ, ತನ್ನ 2001ರ ಭಯೋತ್ಪಾದನಾ ವಿರೋಧಿ ಕಾಯ್ದೆಯನ್ನು ಬಳಸಿ ಐಸ್‌ಲ್ಯಾಂಡಿನ ಲಾಂಡ್ಸ್‌ಬಾಂಕಿ ಬ್ಯಾಂಕಿನ ಆಸ್ತಿಯನ್ನು ಮುಟ್ಟುಗೋಲು ಹಾಕಿತು. ಬ್ರಿಟಿಷ್ ಖಜಾನೆ ಪ್ರಕಟಿಸುವ ನಿರ್ಬಂಧಿತರ ಪುಟದಲ್ಲಿ ಅಲ್ ಕೈದಾ, ತಾಲಿಬಾನ್ ಸಾಲಿನಲ್ಲೇ ಲಾಂಡ್ಸ್‌ಬಾಂಕಿಯ ಹೆಸರೂ ಬಿತ್ತು. ಭಯೋತ್ಪಾದನೆಯ ವಿರುದ್ಧದ ಯುದ್ಧಕ್ಕೆ ಹೆಸರು ಬರೆಸಿದ್ದ ದೇಶಕ್ಕೆ ಐದೂವರೆ ವರ್ಷದಲ್ಲಿ ಈ ಬಡ್ತಿ. ಆ ಡಿಸೆಂಬರಿನಲ್ಲಿ ನೇಟೊ ಸರದಿಯಂತೆ ಐಸ್‌ಲ್ಯಾಂಡಿನ ಆಕಾಶ ಕಾಯಲು ಬರಬೇಕಾಗಿದ್ದದ್ದು ಬ್ರಿಟಿಷ್ ವಾಯುಪಡೆ. ಜನ ಮುಖ ಸಿಂಡರಿಸಿದ್ದರಿಂದ ಅದು ರದ್ದಾಯಿತು.

ಐಎಂಎಫ್‌ನ 210 ಕೋಟಿ ಡಾಲರ್ ಸಾಲ ಷರತ್ತು, ಚೌಕಾಸಿಗಳ ನಡುವೆ ವಾರಗಟ್ಟಲೆ ನಿಂತಿತ್ತು. ದೊಡ್ಡವರು ಯಾರು ಎಷ್ಟು ಎಂದು ಲೆಕ್ಕ ಹಾಕುತ್ತಿರುವಾಗಲೇ ಫೇರೋ ದ್ವೀಪಗಳು 30 ಕೋಟಿ ಡ್ಯಾನಿಷ್ ಕ್ರೋನ್ ಸಾಲ ಕೊಡುತ್ತೇವೆ ಎಂದವು. ಸುಮಾರು 5 ಕೋಟಿ ಡಾಲರ್. ಆಗ ಅಲ್ಲಿನ ಜನಸಂಖ್ಯೆ ಐವತ್ತು ಸಾವಿರವೂ ಇರಲಿಲ್ಲ, ಮೀನು ಹಿಡಿದು ಬದುಕುವವರು. ಸಮಿತಿ ಕೂಡಲಿಲ್ಲ, ಕುರ್ಚಿ ಕೇಳಲಿಲ್ಲ, ಕರ್ನಲ್‌ಗಳನ್ನು ಕಳಿಸಲಿಲ್ಲ. ವುಲ್ಫೋವಿಟ್ಜ್ ಅವರ 63ರ ಪಟ್ಟಿಯಲ್ಲಿ ಫೇರೋ ಹೆಸರು ಹುಡುಕಿದರೆ ಸಿಗುವುದಿಲ್ಲ. ಅದು ಡೆನ್ಮಾರ್ಕಿನ ಅಧೀನದ ಸ್ವಾಯತ್ತ ಪ್ರದೇಶ, ಸ್ವತಂತ್ರ ದೇಶ ಎನ್ನಿಸಿಕೊಳ್ಳುವಷ್ಟು ದೊಡ್ಡತನ ಅದಕ್ಕೆ ಇನ್ನೂ ಬಂದಿಲ್ಲ.